ಕೈಯಲ್ಲಿ ಎಬ್ಬಿಸಿದ್ರೆ ಏಳುತ್ತೆ, ತಾನಾಗಿ ಏಳಲ್ಲ: ಲಿನಕ್ಸ್ ಸ್ಟಾರ್ಟಪ್ ಸರ್ವೀಸ್‌ಗಳ ದೋಷ ನಿವಾರಣೆ

ಕೋಲಾರದ ಟೊಮೆಟೊ ಮಂಡಿ ಇರಲಿ, ಚಿಂತಾಮಣಿಯ ಗೊಬ್ಬರದ ಅಂಗಡಿ ಇರಲಿ, ಶಿಡ್ಲಘಟ್ಟದ ರೀಲಿಂಗ್ ಶೆಡ್ ಇರಲಿ, ಮೂಲೆಯಲ್ಲೊಂದು ಹಳೇ ಪಿಸಿ ಸರ್ವರ್ ಆಗಿ ಕೂತಿರುವುದು ಅಪರೂಪವೇನಲ್ಲ. ಅದರಲ್ಲಿ ಉಬುಂಟು ಅಥವಾ ಡೆಬಿಯನ್ ಲಿನಕ್ಸ್, ಒಂದು ಡೇಟಾಬೇಸ್, ಒಂದು ಬಿಲ್ಲಿಂಗ್ ಪ್ರೋಗ್ರಾಂ. ಕೌಂಟರ್‌ನ ಎರಡು ಮೂರು ಪಿಸಿಗಳು ಅದನ್ನೇ ನಂಬಿಕೊಂಡಿರುತ್ತವೆ. ವರ್ಷಪೂರ್ತಿ ಅದರ ನೆನಪು ಯಾರಿಗೂ ಬರುವುದಿಲ್ಲ. ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಕೈಕೊಟ್ಟು, ಬೆಳಗ್ಗೆ ಕರೆಂಟ್ ಬಂದ ಮೇಲೆ ಫೋನ್ ಬರುತ್ತದೆ: "ಅಣ್ಣಾ, ಮಿಷಿನ್ ಆನ್ ಆಗೈತೆ, ಬಿಲ್ ಮಾತ್ರ ಬರ್ತಿಲ್ಲ. ಹರಾಜು ಶುರುವಾಗೋ ಟೈಮು."

ಅಂಥ ಬೆಳಗಿಗೆ ಈ ಕೈಪಿಡಿ. ಹೀಗಾದಾಗ ಜಾಸ್ತಿ ಜನ ಎರಡು ಕೆಲಸ ಮಾಡುತ್ತಾರೆ: ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುತ್ತಾರೆ, ಇಲ್ಲವೇ ಫಾರ್ಮ್ಯಾಟ್ ಮಾಡಿಸುತ್ತಾರೆ. ಎರಡೂ ಬೇಡ. ಹೀಗೆ ತೆರೆಮರೆಯಲ್ಲಿ ತಾನಾಗಿ ಓಡಬೇಕಾದ ಪ್ರೋಗ್ರಾಂಗೆ ಸರ್ವೀಸ್ ಅನ್ನುತ್ತಾರೆ. ಪ್ರೋಗ್ರಾಂ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅದು ಏಳುವ ಹೊತ್ತಿಗೆ ಅದಕ್ಕೆ ಬೇಕಾದ್ದು ಯಾವುದೋ ಒಂದು ಸಿದ್ಧವಾಗಿರುವುದಿಲ್ಲ, ಅಷ್ಟೇ. ಯಾವುದು ಅಂತ ಮಿಷಿನ್ ಆಗಲೇ ಬರೆದಿಟ್ಟಿರುತ್ತದೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ಯೂನಿಟ್ ಫೈಲ್ (ಒಂದು ಸರ್ವೀಸನ್ನು ಹೇಗೆ ಎಬ್ಬಿಸಬೇಕು ಅಂತ ಬರೆದಿಟ್ಟ ಫೈಲ್) ಒಳಗೆ ಬರುವ ಸೆಟ್ಟಿಂಗ್ ಹೆಸರುಗಳಲ್ಲಿ ಮತ್ತು ಚೌಕ ಆವರಣದೊಳಗಿನ ಭಾಗದ ಹೆಸರುಗಳಲ್ಲಿ ಮಾತ್ರ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು, ನಡುವೆ ಜಾಗ ಬಿಡುವಂತಿಲ್ಲ. ಉದಾಹರಣೆಗೆ ನಮ್ಮ ಸರ್ವೀಸ್‌ನ ಹೆಸರು 'ಬಿಲ್ಲಿಂಗ್' ಅಂತಿಟ್ಟುಕೊಳ್ಳೋಣ.

## ಕೈ ಹಾಕುವ ಮುಂಚೆ

ಪರದೆಯ ಮೇಲೆ ಏನಾದರೂ ಸಂದೇಶ ಇದ್ದರೆ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ರೀಬೂಟ್ ಮಾಡಿದರೆ ಆ ಸಾಲು ಹೋಗಿಬಿಡುತ್ತದೆ.

ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುವುದು ಕೊನೆಯ ದಾರಿ. ಡೇಟಾಬೇಸ್ ಚೇತರಿಸಿಕೊಳ್ಳುತ್ತಿರುವಾಗ ಹಾಗೆ ಮಾಡಿದರೆ ಸಣ್ಣ ತೊಂದರೆ ದೊಡ್ಡದಾಗುತ್ತದೆ. ಯಾವುದೇ ಫೈಲ್ ತಿದ್ದುವ ಮೊದಲು ಅದರದ್ದೊಂದು ಕಾಪಿ ಪಕ್ಕದಲ್ಲಿಡಿ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿದ್ದೀರಾ? ಹಾಗಿದ್ದರೆ ನೆಟ್‌ವರ್ಕ್, ಫೈರ್‌ವಾಲ್, ಎಸ್‌ಎಸ್‌ಎಚ್ ಈ ಮೂರರ ಸರ್ವೀಸ್ ಮುಟ್ಟಬೇಡಿ. ಕೂತ ಕೊಂಬೆ ಕಡಿದ ಹಾಗಾಗುತ್ತದೆ, ಆಮೇಲೆ ಬಸ್ಸು ಹತ್ತಿ ಅಲ್ಲಿಗೇ ಹೋಗಬೇಕು.

## ಎಲ್ಲಕ್ಕಿಂತ ಮೊದಲು: ಏನು ಬಿದ್ದಿದೆ ಅಂತ ಕೇಳಿ

ಮಿಷಿನ್ ಆನ್ ಆದ ಮೇಲೆ ಮೊದಲು ಏಳುವ ಪ್ರೋಗ್ರಾಂ ಉಳಿದವನ್ನೆಲ್ಲ ಎಬ್ಬಿಸುತ್ತದೆ. ಅದರ ಪ್ರೊಸೆಸ್ ನಂಬರ್ ಯಾವಾಗಲೂ 1. 2015ರಲ್ಲಿ ಬಂದ ಡೆಬಿಯನ್ 8 ಮತ್ತು ಉಬುಂಟು 15.04ರಿಂದ ಈಚೆಗೆ ಅಲ್ಲಿ ಆ ಕೆಲಸ ಮಾಡುವುದು ಸಿಸ್ಟಮ್‌ಡಿ. ಫೆಡೋರಾದಲ್ಲಿ 2011ರಿಂದಲೇ ಇದೆ. ನಿಮ್ಮಲ್ಲಿ ಯಾವುದಿದೆ ಅಂತ ತಿಳಿಯಲು:

ಪಿಎಸ್ -ಪಿ 1

ಸಿಸ್ಟಮ್‌ಡಿ ಅಂತ ಬಂದರೆ ಮುಂದೆ ಓದಿ. ಆಲ್ಪೈನ್ ಹಾಕಿದ್ದರೆ ಅದು ಓಪನ್‌ಆರ್‌ಸಿ, ಅಲ್ಲಿ ನೋಡಬೇಕಾದ್ದು 'ಆರ್‌ಸಿ-ಸ್ಟೇಟಸ್' ಮತ್ತು 'ಆರ್‌ಸಿ-ಅಪ್‌ಡೇಟ್'. ಫ್ರೀಬಿಎಸ್‌ಡಿ ಆದರೆ /ಇಟಿಸಿ/ಆರ್‌ಸಿ.ಕಾನ್ಫ್ ಫೈಲಿನಲ್ಲಿ ಆ ಸರ್ವೀಸ್ ಮುಂದೆ 'ಯೆಸ್' ಇದೆಯೋ ಇಲ್ಲವೋ ನೋಡಿ. ಕಮಾಂಡ್ ಬೇರೆಯಾದರೂ ಕೆಳಗಿನ ಕಾರಣಗಳಲ್ಲಿ ಮುಕ್ಕಾಲುಪಾಲು ಅಲ್ಲಿಗೂ ಸಲ್ಲುತ್ತವೆ.

ಈಗ ಈ ಮೂರು, ಇದೇ ಕ್ರಮದಲ್ಲಿ:

ಸಿಸ್ಟಮ್‌ಸಿಟಿಎಲ್ --ಫೇಲ್ಡ್
ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಬಿಲ್ಲಿಂಗ್
ಸುಡೋ ಜರ್ನಲ್‌ಸಿಟಿಎಲ್ -ಯು ಬಿಲ್ಲಿಂಗ್ -ಬಿ

ಮೊದಲನೆಯದು ಬಿದ್ದ ಸರ್ವೀಸ್‌ಗಳ ಪಟ್ಟಿ ಕೊಡುತ್ತದೆ. ಎರಡನೆಯದು ಒಂದರ ಸ್ಥಿತಿ. 'ಸುಡೋ' ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ. ಮೂರನೆಯದು ಈ ಸಲ ಬೂಟ್ ಆದಾಗಿಂದ ಆ ಸರ್ವೀಸ್ ಏನೇನು ಗೊಣಗಿತು ಅನ್ನುವುದರ ಪೂರ್ತಿ ವಿವರ; ಇದನ್ನೇ ಮುಂದೆ ಜರ್ನಲ್ ಅಥವಾ ಲಾಗ್ ಅನ್ನುತ್ತೇನೆ. ಪಟ್ಟಿಯಲ್ಲಿ ನಾಲ್ಕು ಹೆಸರು ಕೆಂಪಗೆ ಕಂಡರೆ ಗಾಬರಿ ಬೇಡ. ಡೇಟಾಬೇಸ್ ಬಿದ್ದಿದ್ದಕ್ಕೆ ಅದನ್ನು ನೆಚ್ಚಿಕೊಂಡ ಉಳಿದ ಮೂರೂ ಬಿದ್ದಿರಬಹುದು. ಸಮಯ ನೋಡಿ, ಯಾವುದು ಮೊದಲು ಬಿತ್ತೋ ಅದನ್ನೇ ಹಿಡಿಯಿರಿ.

ಸ್ಟೇಟಸ್‌ನ 'ಲೋಡೆಡ್' ಸಾಲಿನಲ್ಲಿ ಒಂದು ಮೋಸ ಇದೆ. ಆವರಣದೊಳಗೆ ಫೈಲಿನ ದಾರಿ, ಆಮೇಲೆ 'ಡಿಸೇಬಲ್ಡ್', ಆಮೇಲೆ 'ಪ್ರಿಸೆಟ್: ಎನೇಬಲ್ಡ್' ಅಂತ ಬರುತ್ತದೆ. ಕಣ್ಣು ಸೀದಾ ಕೊನೆಯ 'ಎನೇಬಲ್ಡ್' ಮೇಲೆ ಹೋಗುತ್ತದೆ, 'ಸರಿ ಇದೆಯಲ್ಲ' ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ. ಪ್ರಿಸೆಟ್ ಅಂದರೆ ಡಿಸ್ಟ್ರೋ (ಉಬುಂಟು, ಡೆಬಿಯನ್ ಥರದ ಲಿನಕ್ಸ್ ಬಗೆ) ಮಾಡಿದವರ ಶಿಫಾರಸು ಅಷ್ಟೇ. ನಿಮ್ಮ ಮಿಷಿನ್‌ನ ನಿಜ ಸ್ಥಿತಿ ಅದಕ್ಕಿಂತ ಹಿಂದಿನ ಪದ.

'ಆಕ್ಟಿವ್' ಸಾಲಿನಲ್ಲಿ 'ರನ್ನಿಂಗ್' ಇದ್ದರೆ ಓಡುತ್ತಿದೆ. 'ಎಕ್ಸಿಟೆಡ್' ಇದ್ದರೆ ಒಂದು ಸಲ ಓಡಿ ಕೆಲಸ ಮುಗಿಸಿದೆ. ಕೆಲವು ಸರ್ವೀಸ್‌ಗಳಿಗೆ ಅದೇ ಸರಿ. 'ಇನ್‌ಆಕ್ಟಿವ್, ಡೆಡ್' ಅಂದರೆ ಅದು ಸೋತಿಲ್ಲ, ಯಾರೂ ಶುರು ಮಾಡಿಲ್ಲ ಅಥವಾ ಯಾರೋ ನಿಲ್ಲಿಸಿದ್ದಾರೆ. 'ಫೇಲ್ಡ್' ಅಂದರೆ ಶುರುವಾಗಲು ಹೋಗಿ ಬಿತ್ತು. ಈ ಕೊನೆಯ ಎರಡನ್ನು ಬೆರೆಸಿಕೊಂಡರೆ ಹುಡುಕಾಟ ದಾರಿ ತಪ್ಪುತ್ತದೆ.

## "ಕೈಯಲ್ಲಿ ಶುರು ಮಾಡಿದ್ರೆ ಓಡುತ್ತೆ, ಮಿಷಿನ್ ಆನ್ ಮಾಡಿದ್ರೆ ಓಡಲ್ಲ"

ನಮ್ಮ ಕಡೆ ಅತಿ ಹೆಚ್ಚು ಬರುವ ದೂರು ಇದೇ. ಕಾರಣ ಐದಾರು ಇವೆ, ಅಗ್ಗದ್ದರಿಂದ ಶುರು ಮಾಡೋಣ.

ಎನೇಬಲ್ ಆಗಿಲ್ಲ. 'ಸ್ಟಾರ್ಟ್' ಅಂದರೆ ಈಗ ಓಡು. 'ಎನೇಬಲ್' ಅಂದರೆ ಪ್ರತಿ ಬೂಟ್‌ಗೂ ಏಳು. ಒಂದು ಮಾಡಿದರೆ ಇನ್ನೊಂದು ಆಗುವುದಿಲ್ಲ. ಹಾಕಿಕೊಟ್ಟವರು ಸ್ಟಾರ್ಟ್ ಮಾಡಿ, ಬಿಲ್ ಬಂತು ಅಂತ ತೋರಿಸಿ, ದುಡ್ಡು ಇಸಿದುಕೊಂಡು ಹೋಗಿರುತ್ತಾರೆ. ತಿಂಗಳುಗಟ್ಟಲೆ ಮಿಷಿನ್ ಆಫ್ ಆಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡಲು:

ಸುಡೋ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಬಿಲ್ಲಿಂಗ್

ಎನೇಬಲ್ ಮಾಡಲು ಹೋದಾಗ ಇನ್‌ಸ್ಟಾಲ್ ಮಾಹಿತಿ ಇಲ್ಲ ಅಂತ ಉದ್ದದ ಗೊಣಗಾಟ ಬಂದರೆ, ಯೂನಿಟ್ ಫೈಲಿನ ಕೊನೆಯಲ್ಲಿ 'ಇನ್‌ಸ್ಟಾಲ್' ಭಾಗ ಇಲ್ಲ ಅಂತ ಅರ್ಥ. ಅಲ್ಲಿ 'ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್' ಅನ್ನುವ ಸಾಲು ಬೇಕು. ಬೂಟ್ ಸಮಯದಲ್ಲಿ ಯಾರು ಇದನ್ನು ಕರೆಯಬೇಕು ಅಂತ ಹೇಳುವುದು ಅದೇ ಸಾಲು.

ರೂಟರ್ ಇನ್ನೂ ಎದ್ದಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಕರೆಂಟ್ ಹೋಗಿ ಬರುವ ಊರುಗಳಲ್ಲಿ ಇದು ಪದೇ ಪದೇ ಆಗುತ್ತದೆ ಮತ್ತು ಬೆಳಕಿಗೆ ಬರುವುದು ಕಮ್ಮಿ.

ಕರೆಂಟ್ ಬಂದ ಕೂಡಲೇ ಪಿಸಿ, ರೂಟರ್, ಫೈಬರ್ ಡಬ್ಬಿ ಮೂರೂ ಒಟ್ಟಿಗೆ ಆನ್ ಆಗುತ್ತವೆ. ಎಸ್‌ಎಸ್‌ಡಿ ಹಾಕಿದ ಪಿಸಿ ಬೇಗ ಎದ್ದುಬಿಡುತ್ತದೆ. ರೂಟರ್ ಇನ್ನೂ ಲೈಟ್ ಮಿಣುಕಿಸುತ್ತಾ ಕೂತಿರುತ್ತದೆ. ಪಿಸಿಗೆ ಐಪಿ ವಿಳಾಸ ಸಿಕ್ಕಿರುವುದಿಲ್ಲ. ನಮ್ಮ ಬಿಲ್ಲಿಂಗ್ ಪ್ರೋಗ್ರಾಂ '192.168.1.10ರಲ್ಲಿ ಕೂರುತ್ತೇನೆ' ಅಂತ ಹೋಗುತ್ತದೆ, ಆ ವಿಳಾಸವೇ ಇಲ್ಲದ್ದರಿಂದ ಬೀಳುತ್ತದೆ. ಫೈಲಿನಲ್ಲಿ 'ರೀಸ್ಟಾರ್ಟ್=ಆನ್-ಫೇಲ್ಯೂರ್' ಇದ್ದರೆ ಸಿಸ್ಟಮ್‌ಡಿ ಮತ್ತೆ ಎಬ್ಬಿಸುತ್ತದೆ. ಆದರೆ ನೀವು ಹೇಳದಿದ್ದರೆ ಎರಡು ಯತ್ನಗಳ ನಡುವೆ ಅದು ಕಾಯುವುದು 100 ಮಿಲಿಸೆಕೆಂಡ್ ಮಾತ್ರ. 10 ಸೆಕೆಂಡಿನೊಳಗೆ 5 ಸಲಕ್ಕಿಂತ ಜಾಸ್ತಿ ಎಬ್ಬಿಸುವಂತಿಲ್ಲ ಅನ್ನುವುದು ಅದರ ಮಾಮೂಲಿ ನಿಯಮ. ಕಣ್ಣು ಮಿಟುಕಿಸುವಷ್ಟರಲ್ಲಿ ಐದೂ ಯತ್ನ ಮುಗಿದು, 'ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ' ಅಂತ ಬರೆದು ಕೈಚೆಲ್ಲುತ್ತದೆ. ಆಮೇಲೆ ರೂಟರ್ ಏಳುತ್ತದೆ, ನೀವು ಬಂದು ಕೈಯಲ್ಲಿ ಸ್ಟಾರ್ಟ್ ಕೊಡುತ್ತೀರಿ, ಓಡುತ್ತದೆ! ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ.

ಲಾಗ್‌ನಲ್ಲಿ ಆ ಸಾಲು ಕಂಡರೆ ಅದು ಕಾರಣವಲ್ಲ, ಪರಿಣಾಮ. ಅದರ ಮೇಲಿನ ಸಾಲುಗಳಲ್ಲಿ ನಿಜವಾದ ದೂರು ಇರುತ್ತದೆ. 'ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್' ಅಂತಿದ್ದರೆ ಖಾತ್ರಿ ಇದೇ ರೋಗ.

ಮದ್ದು: 'ಸುಡೋ ಸಿಸ್ಟಮ್‌ಸಿಟಿಎಲ್ ಎಡಿಟ್ ಬಿಲ್ಲಿಂಗ್' ಕೊಡಿ. ಇದು ಮೂಲ ಫೈಲ್ ಮುಟ್ಟದೆ ಮೇಲೊಂದು ಚಿಕ್ಕ ತಿದ್ದುಪಡಿ ಫೈಲ್ ತೆರೆಯುತ್ತದೆ, ಹಾಗಾಗಿ ಮುಂದೆ ಅಪ್‌ಡೇಟ್ ಬಂದರೂ ನಿಮ್ಮ ತಿದ್ದುಪಡಿ ಉಳಿಯುತ್ತದೆ. ಅಲ್ಲಿ ಬರೆಯಬೇಕಾದ್ದು:

[ಯೂನಿಟ್]
ವಾಂಟ್ಸ್=ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್
ಆಫ್ಟರ್=ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್

[ಸರ್ವೀಸ್]
ರೀಸ್ಟಾರ್ಟ್=ಆನ್-ಫೇಲ್ಯೂರ್
ರೀಸ್ಟಾರ್ಟ್‌ಸೆಕ್=10

'=' ಆದ ಮೇಲೆ ಬಲಗಡೆ ಬರೆಯುವುದೆಲ್ಲ ಸಣ್ಣ ಅಕ್ಷರ. ಬರೀ 'ನೆಟ್‌ವರ್ಕ್.ಟಾರ್ಗೆಟ್' ಅಂತ ಹಾಕಿದರೆ ಸಾಲದು. ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಂ ಎದ್ದಿದೆ ಅನ್ನುವುದಷ್ಟೇ ಅದರ ಅರ್ಥ, ವಿಳಾಸ ಸಿಕ್ಕಿದೆ ಅಂತಲ್ಲ. ಇನ್ನು 'ಆನ್‌ಲೈನ್' ಟಾರ್ಗೆಟ್ ಕೂಡ ಒಂದು ಮಿತಿಯವರೆಗೆ ಮಾತ್ರ ಕಾಯುತ್ತದೆ. ರೂಟರ್ ಅದಕ್ಕಿಂತ ಸೋಮಾರಿಯಾದರೆ ಉಪಯೋಗವಿಲ್ಲ. ಅದಕ್ಕೇ ಆ 10 ಸೆಕೆಂಡಿನ ಸಾಲು ಬೇಕು. ನಿಧಾನವಾಗಿ ಯತ್ನಿಸುತ್ತಾ ಹೋದರೆ ಐದು ಯತ್ನದ ಮಿತಿಯೂ ಅಡ್ಡ ಬರುವುದಿಲ್ಲ. ಸರ್ವರ್ ಪಿಸಿಗೆ ಖಾಯಂ ಐಪಿ ಕೊಡುವುದು ಇನ್ನೂ ಒಳ್ಳೆಯದು, ಅದನ್ನು ಹೇಗೂ ಮಾಡಬೇಕು.

/ರನ್ ಒಳಗಿನ ಫೋಲ್ಡರ್ ಮಾಯ. /ರನ್ ಇರುವುದು ಡಿಸ್ಕ್‌ನಲ್ಲಲ್ಲ, ಮೆಮೊರಿಯಲ್ಲಿ. ಆಫ್ ಆದರೆ ಖಾಲಿ. ಹಾಕಿಕೊಟ್ಟವರು ಕೈಯಲ್ಲಿ /ರನ್/ಬಿಲ್ಲಿಂಗ್ ಅಂತ ಫೋಲ್ಡರ್ ಮಾಡಿದ್ದರೆ ಮೊದಲ ರೀಬೂಟ್‌ವರೆಗೆ ಎಲ್ಲ ಸರಿ ಇರುತ್ತದೆ. 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಪಕ್ಕದಲ್ಲಿ /ರನ್ ಅಥವಾ /ವಾರ್/ರನ್ ಅಂತ ಕಂಡರೆ ಇದೇ. ಸರ್ವೀಸ್ ಭಾಗದಲ್ಲಿ 'ರನ್‌ಟೈಮ್‌ಡೈರೆಕ್ಟರಿ=ಬಿಲ್ಲಿಂಗ್' ಸೇರಿಸಿದರೆ ಪ್ರತಿ ಸಲ ಸಿಸ್ಟಮ್‌ಡಿಯೇ ಮಾಡಿಕೊಡುತ್ತದೆ.

ನಿಮ್ಮ ಟರ್ಮಿನಲ್ ಬೇರೆ, ಅದರ ಲೋಕ ಬೇರೆ. ನೀವು ಲಾಗಿನ್ ಆದಾಗ .ಬ್ಯಾಶ್‌ಆರ್‌ಸಿ ಓದಿಕೊಂಡು ನೂರೆಂಟು ದಾರಿ ಗೊತ್ತಾಗಿರುತ್ತದೆ. ಸರ್ವೀಸ್ ಅದನ್ನು ಓದುವುದಿಲ್ಲ. ಪೈಥಾನ್, ನೋಡ್, ಜಾವಾ ಯಾವುದಾದರೂ 'ಎಕ್ಸೆಕ್‌ಸ್ಟಾರ್ಟ್' ಸಾಲಿನಲ್ಲಿ ಪೂರ್ತಿ ದಾರಿ ಬರೆಯಿರಿ. 'ಯೂಸರ್' ಯಾರು, 'ವರ್ಕಿಂಗ್‌ಡೈರೆಕ್ಟರಿ' ಯಾವುದು ಅಂತಲೂ ಹೇಳಿ.

ಡಿಸ್ಕ್ ತಡವಾಗಿ ಸೇರಿದೆ. ಡೇಟಾ ಎರಡನೇ ಹಾರ್ಡ್ ಡಿಸ್ಕ್‌ನಲ್ಲಿದ್ದರೆ, ಅದು ಮೌಂಟ್ ಆಗುವ (ಸಿಸ್ಟಮ್ಮಿಗೆ ಸೇರಿಕೊಳ್ಳುವ) ಮುಂಚೆಯೇ ಸರ್ವೀಸ್ ಎದ್ದು ಖಾಲಿ ಫೋಲ್ಡರ್ ನೋಡಿಬಿಡಬಹುದು. ಕೆಲವು ಪ್ರೋಗ್ರಾಂಗಳು ಆಗ 'ಹೊಸ ಡೇಟಾಬೇಸ್ ಮಾಡೋಣ' ಅಂತ ಶುರುವಾಗಿಬಿಡುತ್ತವೆ. ಬೆಳಗ್ಗೆ ನೋಡಿದರೆ ಗ್ರಾಹಕರ ಬಾಕಿ ಎಲ್ಲ ಸೊನ್ನೆ! ಎದೆ ಧಸಕ್ಕೆನ್ನುತ್ತದೆ. ಏನೂ ಕಳೆದಿರುವುದಿಲ್ಲ, ನಿಜವಾದ ಡೇಟಾ ಮೌಂಟ್ ಆಗದ ಡಿಸ್ಕ್‌ನಲ್ಲಿದೆ. ಆದರೆ ಆ ಖಾಲಿ ಡೇಟಾಬೇಸ್‌ಗೆ ಬಿಲ್ ಹಾಕಲು ಶುರು ಮಾಡಬೇಡಿ, ಆಮೇಲೆ ಎರಡನ್ನೂ ಕೂಡಿಸುವುದು ದೊಡ್ಡ ತಲೆನೋವು. ಸರ್ವೀಸ್ ನಿಲ್ಲಿಸಿ, ಡಿಸ್ಕ್ ಮೌಂಟ್ ಮಾಡಿ, ಯೂನಿಟ್ ಭಾಗದಲ್ಲಿ 'ರಿಕ್ವೈರ್ಸ್‌ಮೌಂಟ್ಸ್‌ಫಾರ್=' ಮುಂದೆ ಆ ಫೋಲ್ಡರ್‌ನ ದಾರಿ ಬರೆಯಿರಿ.

ಯೂನಿಟ್ ಫೈಲನ್ನು ನೇರವಾಗಿ ತಿದ್ದಿದರೆ 'ಸುಡೋ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್' ಮರೆಯಬೇಡಿ. ಇಲ್ಲದಿದ್ದರೆ ಅದು ಹಳೆಯದನ್ನೇ ಹಿಡಿದು ಓಡುತ್ತದೆ, ನೀವು 'ತಿದ್ದಿದೆನಲ್ಲ' ಅಂತ ತಲೆ ಕೆರೆದುಕೊಳ್ಳುತ್ತೀರಿ. ಕಾಗುಣಿತ ತಪ್ಪಿದೆಯೋ ನೋಡಲು 'ಸಿಸ್ಟಮ್‌ಡಿ-ಅನಲೈಜ್ ವೆರಿಫೈ' ಮುಂದೆ ಫೈಲಿನ ಹೆಸರು ಕೊಡಿ.

## ಸ್ಟೇಟಸ್‌ನಲ್ಲಿ ಕೆಂಪು ಅಕ್ಷರ, ಜೊತೆಗೊಂದು ನಂಬರ್

ಆ ನಂಬರ್ ಬಿಡಬೇಡಿ, ಅರ್ಧ ಉತ್ತರ ಅದರಲ್ಲೇ ಇರುತ್ತದೆ.

203 ಬಂದರೆ ಪ್ರೋಗ್ರಾಂ ಶುರುವಾಗಲೇ ಇಲ್ಲ. ಫೈಲ್ ಅಲ್ಲಿಲ್ಲ, ಅಥವಾ ಓಡಿಸುವ ಅನುಮತಿ ಇಲ್ಲ, ಅಥವಾ ಸ್ಕ್ರಿಪ್ಟ್‌ನ ಮೊದಲ ಸಾಲು ಕೆಟ್ಟಿದೆ. ಮೊದಲನೆಯದು 'ಎಲ್‌ಎಸ್ -ಎಲ್' ಕೊಟ್ಟರೆ ಗೊತ್ತಾಗುತ್ತದೆ, ಎರಡನೆಯದು 'ಸಿಎಚ್‌ಮಾಡ್ +ಎಕ್ಸ್' ಕೊಟ್ಟರೆ ಹೋಗುತ್ತದೆ. ಮೂರನೆಯದು ಸ್ವಲ್ಪ ಕಳ್ಳ. ಸ್ಕ್ರಿಪ್ಟ್ ಅನ್ನು ಕೌಂಟರ್‌ನ ವಿಂಡೋಸ್ ಪಿಸಿಯಲ್ಲಿ ತಿದ್ದಿ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದರೆ, ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡು ಬರಬಹುದು. ಫೈಲ್ ಕಣ್ಣೆದುರೇ ಇದೆ, ಅನುಮತಿಯೂ ಇದೆ, ಆದರೂ ಲಾಗ್ ಮಾತ್ರ 'ಅಂಥ ಫೈಲ್ ಇಲ್ಲ' ಅನ್ನುತ್ತದೆ. ಅದು ಹುಡುಕುತ್ತಿರುವುದು ಬಾಲ ಅಂಟಿದ 'ಬ್ಯಾಶ್' ಅನ್ನು, ಅದು ಸಿಗುವುದಾದರೂ ಹೇಗೆ? 'ಫೈಲ್' ಅನ್ನುವ ಕಮಾಂಡ್ ಮುಂದೆ ಸ್ಕ್ರಿಪ್ಟ್ ಹೆಸರು ಕೊಡಿ. ಉತ್ತರದಲ್ಲಿ 'ಸಿಆರ್‌ಎಲ್‌ಎಫ್' ಕಂಡರೆ 'ಡಾಸ್‌2ಯೂನಿಕ್ಸ್' ಓಡಿಸಿದರೆ ಮುಗಿಯಿತು.

ಫೆಡೋರಾ, ರಾಕಿ, ಆಲ್ಮಾ ಬಳಸುವವರಿಗೆ 203ಕ್ಕೆ ಇನ್ನೊಂದು ಕಾರಣ ಎಸ್‌ಇಲಿನಕ್ಸ್ ಅನ್ನುವ ಭದ್ರತಾ ಕಾವಲು. ಹೋಮ್ ಫೋಲ್ಡರ್‌ನಲ್ಲಿರುವ ಸ್ಕ್ರಿಪ್ಟನ್ನು ಸರ್ವೀಸ್ ಆಗಿ ಓಡಿಸಲು ಅದು ಬಿಡದಿರಬಹುದು. ಸ್ಕ್ರಿಪ್ಟನ್ನು /ಯುಎಸ್‌ಆರ್/ಲೋಕಲ್/ಬಿನ್‌ಗೆ ಕಾಪಿ ಮಾಡಿ 'ರಿಸ್ಟೋರ್‌ಕಾನ್' ಕೊಡಿ. ಎಸ್‌ಇಲಿನಕ್ಸನ್ನೇ ಪೂರ್ತಿ ಆಫ್ ಮಾಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಬೀಗ ಸರಿಯಿಲ್ಲ ಅಂತ ಬಾಗಿಲೇ ಕಿತ್ತುಹಾಕಬೇಕಾಗಿಲ್ಲ.

200 ಅಂದರೆ ವರ್ಕಿಂಗ್ ಡೈರೆಕ್ಟರಿ ಸಿಗಲಿಲ್ಲ. 217 ಅಂದರೆ ಆ ಹೆಸರಿನ ಯೂಸರ್ ಇಲ್ಲ, ಬಹುತೇಕ ಕಾಗುಣಿತದ ತಪ್ಪು. 127 ಅಂದರೆ ಸ್ಕ್ರಿಪ್ಟ್ ಶುರುವಾಯಿತು, ಅದರೊಳಗಿನ ಯಾವುದೋ ಕಮಾಂಡ್ ಸಿಗಲಿಲ್ಲ. ಬರೀ 1 ಬಂದರೆ ಪ್ರೋಗ್ರಾಂ ತಾನೇ ಬೇಡ ಅಂತ ಹೊರಗೆ ಬಂದಿದೆ. ಕಾರಣ ಜರ್ನಲ್‌ನಲ್ಲಿ ಅಥವಾ ಅದರದೇ ಲಾಗ್ ಫೈಲ್‌ನಲ್ಲಿ ಇರುತ್ತದೆ. 'ಊಮ್-ಕಿಲ್' ಕಂಡರೆ ಮೆಮೊರಿ ಸಾಲದೆ ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನು ಕೊಂದಿದೆ. 2 ಜಿಬಿ ರ‍್ಯಾಮ್‌ನಲ್ಲಿ ಡೇಟಾಬೇಸ್, ಬಿಲ್ಲಿಂಗ್, ಜೊತೆಗೆ ಯಾರೋ ತೆರೆದಿಟ್ಟ ಬ್ರೌಸರ್ ಇದ್ದರೆ ಹಾಗಾಗುವುದೇ.

'ಅಡ್ರೆಸ್ ಆಲ್‌ರೆಡಿ ಇನ್ ಯೂಸ್' ಅಂತಿದ್ದರೆ ಆ ಪೋರ್ಟ್‌ನಲ್ಲಿ (ಪ್ರೋಗ್ರಾಂ ಕೂರುವ ನೆಟ್‌ವರ್ಕ್ ಬಾಗಿಲ ನಂಬರ್) ಬೇರೆ ಯಾರೋ ಕೂತಿದ್ದಾರೆ. 'ಸುಡೋ ಎಸ್‌ಎಸ್ -ಎಲ್‌ಟಿಎನ್‌ಪಿ' ಕೊಟ್ಟರೆ ಯಾರು ಅಂತ ಹೆಸರು ಸಮೇತ ಹೇಳುತ್ತದೆ. ಅಪಾಚೆ ವೆಬ್ ಸರ್ವರ್ ಇದ್ದ ಮಿಷಿನ್‌ಗೆ ಎಂಜಿನ್‌ಎಕ್ಸ್ ಅನ್ನುವ ಇನ್ನೊಂದು ವೆಬ್ ಸರ್ವರ್ ಕೂಡ ಹಾಕಿದಾಗ 80ನೇ ಪೋರ್ಟ್‌ಗೆ ಇಬ್ಬರೂ ಬಡಿದಾಡುತ್ತಾರೆ. ಬೇಡದ್ದನ್ನು ಡಿಸೇಬಲ್ ಮಾಡಿ.

## ಬೂಟ್ ಆಗುವಾಗಲೇ ಒಂದೂವರೆ ನಿಮಿಷ ನಿಂತು, ಕಪ್ಪು ಪರದೆಗೆ ಬೀಳುತ್ತದೆ

'ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್ ಫಾರ್' ಅಂತ ಒಂದು ಸಾಲು, ಪಕ್ಕದಲ್ಲಿ ಓಡುವ ಗಡಿಯಾರ. ಮಾಮೂಲಿ ಮಿತಿ 90 ಸೆಕೆಂಡ್. ಅದು ಮುಗಿದ ಮೇಲೆ 'ಎಮರ್ಜೆನ್ಸಿ ಮೋಡ್' ಅನ್ನುವ ಮಾತು. ನೋಡಿದರೆ ಹಾರ್ಡ್ ಡಿಸ್ಕೇ ಹೋಯಿತೇನೋ ಅನ್ನಿಸುತ್ತದೆ, ಅಲ್ವಾ? ಸುಮ್ನೆ ಹೆದರಬೇಡಿ. ಮೊದಲು ಸಿಪಿಯು ಹಿಂದೆ ಕೈಯಾಡಿಸಿ ನೋಡಿ: ಬ್ಯಾಕಪ್‌ಗೆ ಅಂತ ಚುಚ್ಚಿದ್ದ ಯುಎಸ್‌ಬಿ ಡಿಸ್ಕ್ ಅಲ್ಲಿದೆಯಾ? ಮಾಲೀಕರ ಮಗ ಪಿಚ್ಚರ್ ಕಾಪಿ ಮಾಡಿಕೊಳ್ಳಲು ಮನೆಗೆ ಒಯ್ದಿರಬಹುದು.

/ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆದ ಪ್ರತಿ ಡಿಸ್ಕ್ ಬರುವವರೆಗೂ ಸಿಸ್ಟಮ್‌ಡಿ ಕಾಯುತ್ತದೆ. ಬರದಿದ್ದರೆ 'ಇದಿಲ್ಲದೆ ಮುಂದೆ ಹೋಗುವುದು ಸರಿಯಲ್ಲ' ಅಂತ ನಿಲ್ಲುತ್ತದೆ. ಡಿಸ್ಕ್ ಮತ್ತೆ ಚುಚ್ಚಿ ಆನ್ ಮಾಡಿದರೆ ಆ ಬೆಳಗಿನ ಕೆಲಸ ನಡೆಯುತ್ತದೆ. ಖಾಯಂ ಪರಿಹಾರ ಬೇಕಾದರೆ ಆ ಡಿಸ್ಕ್‌ನ ಸಾಲಿನ ಆಯ್ಕೆಗಳಿಗೆ ಅಲ್ಪವಿರಾಮ ಹಾಕಿ 'ನೋಫೇಲ್' ಮತ್ತು 'ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=10ಎಸ್' ಸೇರಿಸಿ. ಆಮೇಲೆ 'ಫೈಂಡ್‌ಎಂಎನ್‌ಟಿ --ವೆರಿಫೈ' ಕೊಟ್ಟು ತಪ್ಪಿಲ್ಲ ಅಂತ ನೋಡಿಕೊಂಡೇ ರೀಬೂಟ್ ಮಾಡಿ. ಬಿಲ್ಲಿಂಗ್ ಡೇಟಾ ಇರುವ ಡಿಸ್ಕ್‌ಗೆ ಮಾತ್ರ 'ನೋಫೇಲ್' ಹಾಕುವ ಮುನ್ನ ಯೋಚಿಸಿ; ಮೇಲೆ ಹೇಳಿದ ಸೊನ್ನೆ ಬಾಕಿಯ ಕಥೆ ಶುರುವಾಗುವುದು ಅಲ್ಲಿಂದಲೇ.

ಎಮರ್ಜೆನ್ಸಿ ಮೋಡ್‌ನಲ್ಲಿ ರೂಟ್ (ಅಡ್ಮಿನ್) ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟರೆ ಒಳಗೆ ಹೋಗಿ 'ಜರ್ನಲ್‌ಸಿಟಿಎಲ್ -ಎಕ್ಸ್‌ಬಿ' ನೋಡಬಹುದು. ಫೈಲ್ ಸೇವ್ ಆಗದಿದ್ದರೆ 'ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯೂ /' ಕೊಡಿ. ಕೆಲವು ಕಡೆ ರೂಟ್ ಖಾತೆಗೇ ಬೀಗ ಹಾಕಿರುತ್ತದೆ. ಆಗ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಆ ಫೈಲ್ ತಿದ್ದಬೇಕು.

ಇಲ್ಲೊಂದು ಎಚ್ಚರಿಕೆ. ಡಿಸ್ಕ್ ಚುಚ್ಚಿದ್ದರೂ ಇದೇ ಗೋಳಾದರೆ, ಅಥವಾ 'ಐ/ಓ ಎರರ್' ಅನ್ನುವ ಸಾಲುಗಳು ಒಂದರ ಮೇಲೊಂದು ಬಂದರೆ, ಡಿಸ್ಕ್ ಟಕ್ ಟಕ್ ಸದ್ದು ಮಾಡಿದರೆ, ಅಲ್ಲಿಗೇ ನಿಲ್ಲಿಸಿ. ಡಿಸ್ಕ್ ರಿಪೇರಿ ಮಾಡುವ 'ಎಫ್‌ಎಸ್‌ಸಿಕೆ' ಕಮಾಂಡ್ ಓಡಿಸಬೇಡಿ. ಸಾಯುತ್ತಿರುವ ಡಿಸ್ಕ್‌ಗೆ ಅದು ಹೆಚ್ಚಿನ ಕೆಲಸ ಕೊಡುತ್ತದೆ. ಮೌಂಟ್ ಆಗಿರುವ ಡಿಸ್ಕ್ ಮೇಲಂತೂ ಎಂದಿಗೂ ಓಡಿಸಬಾರದು. ಆಫ್ ಮಾಡಿ, ಡೇಟಾ ತೆಗೆಯಬಲ್ಲವರ ಕೈಗೆ ಕೊಡಿ.

## ಡೇಟಾಬೇಸ್ ಏಳುತ್ತಿಲ್ಲ

ಮೊದಲ ಪರೀಕ್ಷೆಗೆ ಎರಡು ಸೆಕೆಂಡ್ ಸಾಕು: 'ಡಿಎಫ್ -ಎಚ್'. ರೂಟ್ (ಬರೀ '/' ಇರುವ ಸಾಲು) ಅಥವಾ /ವಾರ್ ಮುಂದೆ 100% ಕಂಡರೆ ಬೇರೆ ಏನೂ ನೋಡಬೇಕಾಗಿಲ್ಲ. ಬರೆಯಲು ಜಾಗವಿಲ್ಲದೆ ಮರಿಯಾಡಿಬಿ, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಯಾವುದೂ ಏಳುವುದಿಲ್ಲ. ಜಾಗ ಇದ್ದೂ 'ನೋ ಸ್ಪೇಸ್' ಅಂದರೆ 'ಡಿಎಫ್ -ಐ' ನೋಡಿ, ಲಕ್ಷಾಂತರ ಪುಟಾಣಿ ಫೈಲ್‌ಗಳು ಐನೋಡ್ (ಪ್ರತಿ ಫೈಲ್‌ಗೂ ಬೇಕಾದ ಒಂದು ದಾಖಲೆಯ ಜಾಗ) ತಿಂದಿರುತ್ತವೆ. ತುರ್ತಿಗೆ ಜಾಗ ಮಾಡಲು 'ಸುಡೋ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ'; ಎಂ ಇಲ್ಲಿ ದೊಡ್ಡ ಅಕ್ಷರ. ಜರ್ನಲ್ ಮಾಮೂಲಿಯಾಗಿ 4 ಜಿಬಿ ಮೀರುವುದಿಲ್ಲ, ಹಾಗಾಗಿ ಜಾಗ ತಿಂದಿದ್ದು ಹೆಚ್ಚಾಗಿ ಹಳೇ ಬ್ಯಾಕಪ್‌ಗಳೇ. /ವಾರ್/ಲಿಬ್/ಮೈಎಸ್‌ಕ್ಯೂಎಲ್ ಒಳಗೆ ಯಾವ ಫೈಲ್ ಎಷ್ಟೇ ದೊಡ್ಡದಿರಲಿ, ಕೈಯಲ್ಲಿ ಅಳಿಸಬೇಡಿ.

ಜಾಗ ಇದೆ, ಸ್ಟೇಟಸ್ 'ಆಕ್ಟಿವೇಟಿಂಗ್' ಅನ್ನುತ್ತಲೇ ಇದೆ? ಏಕಾಏಕಿ ಕರೆಂಟ್ ಹೋಗಿದ್ದರೆ ಇನ್ನೋಡಿಬಿ (ಮರಿಯಾಡಿಬಿ, ಮೈಎಸ್‌ಕ್ಯೂಎಲ್ ಒಳಗೆ ಡೇಟಾ ಇಡುವ ಭಾಗ) ತನ್ನ ಲಾಗ್ ಓದಿಕೊಂಡು ಅರ್ಧಕ್ಕೆ ನಿಂತ ಲೆಕ್ಕ ಸರಿಮಾಡುತ್ತಿರುತ್ತದೆ. ಹಳೇ ಹಾರ್ಡ್ ಡಿಸ್ಕ್ ಆದರೆ ತಡವಾಗುತ್ತದೆ. ಡಿಸ್ಕ್ ಲೈಟ್ ಮಿನುಗುತ್ತಿದೆಯಾ, ಲಾಗ್‌ನಲ್ಲಿ ಹೊಸ ಸಾಲು ಬರುತ್ತಿದೆಯಾ, ಅಷ್ಟು ನೋಡಿ. ಬರುತ್ತಿದ್ದರೆ ಟೀ ಕುಡಿದು ಬನ್ನಿ. ಈ ಹೊತ್ತಿನಲ್ಲಿ ಕೊಲ್ಲುವುದು, ರೀಸ್ಟಾರ್ಟ್ ಮಾಡುವುದು ಬೇಡ.

ಲಾಗ್‌ನಲ್ಲಿ 'ಕರಪ್ಷನ್', 'ಕರಪ್ಟೆಡ್ ಪೇಜ್' ಅಂತ ಬಂದರೆ ನಿಮ್ಮ ಕೆಲಸ ಮುಗಿಯಿತು. 'ಇನ್ನೋಡಿಬಿ ಫೋರ್ಸ್ ರಿಕವರಿ' ಅನ್ನುವ ಸೆಟ್ಟಿಂಗ್ ಹಾಕಿ ನೋಡಿ ಅಂತ ಯಾರಾದರೂ ಹೇಳಬಹುದು. ಅದು 1ರಿಂದ 6ರವರೆಗೆ ಹೋಗುತ್ತದೆ, 4 ಮತ್ತು ಮೇಲಿನದ್ದು ಡೇಟಾವನ್ನು ಖಾಯಂ ಆಗಿ ಕೆಡಿಸಬಹುದು. ಡೇಟಾಬೇಸ್ ನಿಲ್ಲಿಸಿ, ಪೂರ್ತಿ ಫೋಲ್ಡರ್ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಗೊತ್ತಿದ್ದವರನ್ನು ಕರೆಯಿರಿ. ಪೋಸ್ಟ್‌ಗ್ರೆಸ್‌ನಲ್ಲಿ 'ಪೋಸ್ಟ್‌ಮಾಸ್ಟರ್.ಪಿಐಡಿ' ಅಳಿಸಿ ಅನ್ನುವ ಸಲಹೆಯೂ ಅಷ್ಟೇ ಅಪಾಯ: ಹಳೇ ಪ್ರೊಸೆಸ್ ಇನ್ನೂ ಜೀವಂತ ಇದ್ದರೆ ಇಬ್ಬರು ಒಂದೇ ಡೇಟಾ ಮೇಲೆ ಬರೆಯುತ್ತಾರೆ.

## ಸರ್ವೀಸ್ ಓಡುತ್ತಿದೆ, ಆದರೆ ತಾರೀಖು ತಪ್ಪು

ಕರೆಂಟ್ ಹೋಗಿ ಬಂದಾಗೆಲ್ಲ ತಾರೀಖು ಹಿಂದಕ್ಕೆ ಹೋದರೆ ಮದರ್‌ಬೋರ್ಡ್ ಮೇಲಿನ ಸೆಲ್ ಖಾಲಿ. ಸಾಮಾನ್ಯವಾಗಿ ಅದು ಸಿಆರ್‌2032, 3 ವೋಲ್ಟ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. 'ಟೈಮ್‌ಡೇಟ್‌ಸಿಟಿಎಲ್' ಕೊಟ್ಟರೆ ಮಿಷಿನ್ ಏನು ತಿಳಿದುಕೊಂಡಿದೆ ಅಂತ ಕಾಣುತ್ತದೆ. ಗಡಿಯಾರ ತಪ್ಪಿದರೆ ಸರ್ಟಿಫಿಕೇಟ್ 'ಇನ್ನೂ ಜಾರಿಗೆ ಬಂದಿಲ್ಲ' ಅಂತ ಆನ್‌ಲೈನ್ ಬ್ಯಾಕಪ್ ಸರ್ವೀಸ್ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು ಬಿಲ್‌ಗಳು ತಪ್ಪು ತಾರೀಖಿನಲ್ಲಿ ಹೋಗುವುದು, ಜಿಎಸ್‌ಟಿ ಲೆಕ್ಕದ ಹೊತ್ತಿಗೆ ಆಡಿಟರ್ ಕೈಲಿ ಬೈಸಿಕೊಳ್ಳಬೇಕು. ಸೆಲ್ ಬದಲಿಸುವಾಗ ಪವರ್ ಕೇಬಲ್ ಪೂರ್ತಿ ಕಿತ್ತಿಡಿ. ಎಸ್‌ಎಂಪಿಎಸ್ (ಪಿಸಿಯೊಳಗಿನ ಪವರ್ ಸಪ್ಲೈ) ಡಬ್ಬಿ, ಯುಪಿಎಸ್ ಡಬ್ಬಿ ಎರಡನ್ನೂ ಬಿಚ್ಚಬೇಡಿ, ಕೇಬಲ್ ಕಿತ್ತ ಮೇಲೂ ಅವುಗಳ ಒಳಗೆ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ರಾಸ್ಪ್‌ಬೆರಿ ಪೈ 4 ಮತ್ತು ಹಿಂದಿನವುಗಳಲ್ಲಿ ಈ ಗಡಿಯಾರವೇ ಇಲ್ಲ, ಇಂಟರ್‌ನೆಟ್ ಬರುವವರೆಗೆ ಅದರ ತಾರೀಖು ನಂಬಬೇಡಿ.

## ಬೂಟ್ ನಿಧಾನ, ಅಥವಾ ನಿಲ್ಲಿಸಿದ್ದು ಮತ್ತೆ ಏಳುತ್ತದೆ

ನಿಧಾನಕ್ಕೆ 'ಸಿಸ್ಟಮ್‌ಡಿ-ಅನಲೈಜ್ ಕ್ರಿಟಿಕಲ್-ಚೈನ್' ನೋಡಿ. 'ಬ್ಲೇಮ್' ಪಟ್ಟಿ ಎಲ್ಲರಿಗೂ ಇಷ್ಟ, ಆದರೆ ಒಟ್ಟೊಟ್ಟಿಗೆ ಓಡಿದ ಸರ್ವೀಸ್‌ಗಳ ಸಮಯವನ್ನು ಅದು ಬಿಡಿಬಿಡಿಯಾಗಿ ತೋರಿಸುತ್ತದೆ, ಮೇಲಿರುವುದೇ ತಪ್ಪಿತಸ್ಥ ಅಂತೇನಿಲ್ಲ. ಡಾಂಗಲ್ ಇಲ್ಲದ ಕಡೆ ಮೋಡೆಮ್‌ಮ್ಯಾನೇಜರ್ (ಹೆಸರಿನ ಎರಡೂ ಎಂ ದೊಡ್ಡ ಅಕ್ಷರ) ಡಿಸೇಬಲ್ ಮಾಡಬಹುದು. ಡಿ-ಬಸ್, ನೆಟ್‌ವರ್ಕ್‌ಮ್ಯಾನೇಜರ್, 'ಸಿಸ್ಟಮ್‌ಡಿ-' ಅಂತ ಶುರುವಾಗುವವು ಇವನ್ನೆಲ್ಲ ಬಿಟ್ಟುಬಿಡಿ.

ನಿಲ್ಲಿಸಿದ ಸರ್ವೀಸ್ ಮತ್ತೆ ಎದ್ದರೆ ಹೆಚ್ಚಾಗಿ ಅದಕ್ಕೊಂದು ಸಾಕೆಟ್ (ಕರೆ ಬಂದಾಗ ಸರ್ವೀಸ್ ಎಬ್ಬಿಸುವ ಕಾವಲುಗಾರ) ಇರುತ್ತದೆ. ಪ್ರಿಂಟ್ ನೋಡಿಕೊಳ್ಳುವ ಕಪ್ಸ್ ಹಾಗೇ: ಸರ್ವೀಸ್ ನಿಲ್ಲಿಸಿದರೂ 'ಕಪ್ಸ್.ಸಾಕೆಟ್' ಬಾಗಿಲಲ್ಲಿ ಕೂತು, ಯಾರಾದರೂ ಪ್ರಿಂಟ್ ಕೇಳಿದ ಕೂಡಲೇ ಎಬ್ಬಿಸುತ್ತದೆ. ಸಾಕೆಟ್ಟನ್ನೂ ನಿಲ್ಲಿಸಬೇಕು. ಯಾರೂ ಯಾವ ರೀತಿಯಲ್ಲೂ ಎಬ್ಬಿಸಬಾರದು ಅಂದರೆ 'ಮಾಸ್ಕ್', ಬೇಕಾದಾಗ 'ಅನ್‌ಮಾಸ್ಕ್'. ಇನ್ನು ಕಪ್ಸ್ ಓಡುತ್ತಿದ್ದೂ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಚೀಟಿ ಬರದಿದ್ದರೆ ಸರ್ವೀಸ್‌ಗೆ ಬೈಯಬೇಡಿ. 'ಎಲ್‌ಪಿಸ್ಟ್ಯಾಟ್ -ಟಿ' ಕೊಡಿ, ಪ್ರಿಂಟರ್ 'ಡಿಸೇಬಲ್ಡ್' ಅಂತಿದ್ದರೆ 'ಕಪ್ಸ್‌ಎನೇಬಲ್' ಮುಂದೆ ಅದರ ಹೆಸರು ಕೊಟ್ಟರೆ ಸಾಕು.

## ಒಂದು ಸರ್ವೀಸ್‌ನಿಂದ ಮಿಷಿನ್ನೇ ಒಳಗೆ ಬಿಡುತ್ತಿಲ್ಲ

ಮಿಷಿನ್ ಆನ್ ಆದಾಗ ಲಿನಕ್ಸ್‌ಗಿಂತ ಮೊದಲು ಬರುವ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಗೆ 'ಸಿಸ್ಟಮ್‌ಡಿ.ಮಾಸ್ಕ್=ಬಿಲ್ಲಿಂಗ್.ಸರ್ವೀಸ್' ಸೇರಿಸಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿ. ಆ ಒಂದು ಬೂಟ್‌ಗೆ ಮಾತ್ರ ಅದು ಏಳುವುದಿಲ್ಲ, ಒಳಗೆ ಹೋಗಿ ಸರಿಮಾಡಬಹುದು. ಅದೂ ಆಗದಿದ್ದರೆ ಅದೇ ಜಾಗದಲ್ಲಿ 'ಸಿಸ್ಟಮ್‌ಡಿ.ಯೂನಿಟ್=ರೆಸ್ಕ್ಯೂ.ಟಾರ್ಗೆಟ್'.

## ಬೇರೆಯವರನ್ನು ಕರೆಯುವಾಗ

ಡಿಸ್ಕ್ ದೋಷ, ಡೇಟಾಬೇಸ್ ಕೆಟ್ಟಿರುವ ಸೂಚನೆ, ನೀವು ಹಾಕದ ಹೊಸ ಸರ್ವೀಸ್ ಪಟ್ಟಿಯಲ್ಲಿ ಕಾಣುವುದು, ಈ ಮೂರರಲ್ಲಿ ಯಾವುದಾದರೂ ಇದ್ದರೆ ತಡ ಮಾಡಬೇಡಿ. ಮೂರನೆಯದಾದರೆ ಇಂಟರ್‌ನೆಟ್ ಕೇಬಲ್ ಕಿತ್ತುಬಿಡಿ, ಆದರೆ ಮಿಷಿನ್ ಆಫ್ ಮಾಡಬೇಡಿ. ಏನು ಓಡುತ್ತಿದೆ ಅಂತ ಬಂದವರು ನೋಡಬೇಕಾಗುತ್ತದೆ.

'ಓಡ್ತಿಲ್ಲ' ಅಂತಷ್ಟೇ ಹೇಳಿದರೆ ಫೋನ್‌ನಲ್ಲಿ ಯಾರೂ ಸಹಾಯ ಮಾಡಲಾರರು. ಯಾವ ಡಿಸ್ಟ್ರೋ, ಕರೆಂಟ್ ಯಾವಾಗ ಹೋಯಿತು, ಕೊನೆಗೆ ಏನು ಬದಲಾಯಿಸಿದಿರಿ, 'ಸ್ಟೇಟಸ್' ಮತ್ತು 'ಡಿಎಫ್ -ಎಚ್' ಏನು ತೋರಿಸುತ್ತಿವೆ, ಇವಿಷ್ಟು ಕಳಿಸಿ. ಜರ್ನಲ್ ಅನ್ನು ಫೈಲ್‌ಗೆ ಬರೆದು ಕಳಿಸಬೇಕಾದರೆ ಮೇಲೆ ಹೇಳಿದ ಜರ್ನಲ್ ಕಮಾಂಡ್ ಕೊನೆಗೆ '> ಲಾಗ್.ಟಿಎಕ್ಸ್‌ಟಿ' ಸೇರಿಸಿ. ಹಿಂದಿನ ಬೂಟ್‌ನದ್ದು ಬೇಕೆಂದರೆ '-ಬಿ' ಜಾಗದಲ್ಲಿ '-ಬಿ -1'. /ವಾರ್/ಲಾಗ್/ಜರ್ನಲ್ ಫೋಲ್ಡರ್ ಇಲ್ಲದ ಮಿಷಿನ್‌ನಲ್ಲಿ ಹಳೇ ಬೂಟ್‌ನ ಲಾಗ್ ಉಳಿಯುವುದಿಲ್ಲ, ಹಾಗಿದ್ದರೆ ಇವತ್ತೇ ಆ ಫೋಲ್ಡರ್ ಮಾಡಿ 'ಸುಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಸಿಸ್ಟಮ್‌ಡಿ-ಜರ್ನಲ್‌ಡಿ' ಕೊಟ್ಟಿಡಿ. ಕಳಿಸುವ ಮುಂಚೆ ಒಂದು ಸಲ ಓದಿಕೊಳ್ಳಿ, ಕೆಲವು ಪ್ರೋಗ್ರಾಂಗಳು ಡೇಟಾಬೇಸ್ ಪಾಸ್‌ವರ್ಡನ್ನೂ ಲಾಗ್‌ನಲ್ಲಿ ಬರೆದುಬಿಡುತ್ತವೆ.